ಹಿತ್ತಲ ಹಣ್ಣಿಗೆ ಬಣ್ಣವಿಲ್ಲವೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಯಾವ ಶಾಲೆಗಾದರೂ ಹೋಗಿ, ಮಕ್ಕಳ ಕೈಗೆ ಹಾಳೆಯನ್ನೂ ಬಣ್ಣವನ್ನೂ ಕೊಟ್ಟು, ‘ಹಣ್ಣಿನ ಚಿತ್ರ ಬರೆಯಿರಿ’ ಎಂದು ಹೇಳಿ ನೋಡಬೇಕು. ಬಹುಪಾಲು ಹಾಳೆಗಳ ಮೇಲೆ ಮೂಡುವುದು ಒಂದು ತಟ್ಟೆ. ತಟ್ಟೆಯ ಮೇಲೆ ಒಂದು ಕೆಂಪು ಸೇಬು, ಪಕ್ಕದಲ್ಲಿ ದ್ರಾಕ್ಷಿಯ ಗೊಂಚಲು, ಹಿಂದೆ ಎರಡು ಬಾಳೆಹಣ್ಣು. ಸೇಬಿನ ಗಿಡವನ್ನು ಆ ಮಗು ಕಂಡಿಲ್ಲ. ಅದರ ಮೇಷ್ಟರೂ ಕಂಡಿರಲಿಕ್ಕಿಲ್ಲ. ಶಾಲೆಯ ಬೇಲಿಯಾಚೆಗೆ ಹಲಸಿನ ಹಣ್ಣು ಬಿದ್ದು, ಒಡೆದು, ನೊಣ ಮುತ್ತಿ, ಕೇರಿಗೆಲ್ಲ ಪರಿಮಳ ಹರಡಿರುತ್ತದೆ. ಅದು ಮಾತ್ರ ಹಾಳೆಗೆ ಬರುವುದಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾವು ಪರೀಕ್ಷೆಯಲ್ಲಿ ಕೇಳುತ್ತೇವೆ. ಅದನ್ನು ನಿಜಮಾಡಿ ತೋರಿಸುವ ಕೆಲಸವನ್ನು ಚಿತ್ರದ ತರಗತಿಗೆ ಬಿಟ್ಟಿದ್ದೇವೆ.

ಸೇಬಿನ ಮೇಲೆ ನನಗೆ ಹಗೆಯಿಲ್ಲ. ಅದು ಹೊರಗಿನದು ಎಂಬುದೂ ನನ್ನ ತಕರಾರಲ್ಲ. ಇಂದು ಸಾಗರದ ಸುತ್ತಮುತ್ತ ಬೆಳೆಯುವ ಅನಾನಸು, ಮನೆಮನೆಯ ಪಪ್ಪಾಯಿ, ಪೇರಳೆ, ಗೇರು ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರ ಹಡಗು ಈ ಕರಾವಳಿಗೆ ಬಂದ ಮೇಲೆ ನಮ್ಮ ಹಿತ್ತಲನ್ನು ಹೊಕ್ಕವು. ಈಚೆಗೆ ಮಲೆನಾಡಿನ ತೋಟಗಳಲ್ಲಿ ಕಾಣತೊಡಗಿರುವ ರಂಬುಟಾನ್ ಕೂಡ ಎರಡು ತಲೆಮಾರು ಕಳೆದರೆ ಊರಿನದೇ ಆದೀತು. ನನ್ನ ತಕರಾರು ಎರಡು. ಕಾಣದ ಹಣ್ಣನ್ನು ಬರೆಯಿಸಿ ಕಂಡ ಹಣ್ಣನ್ನು ಮರೆಯಿಸುವುದು ಒಂದು. ಮೊದಲು ಹೊರಗೆರೆ ಎಳೆ, ಆಮೇಲೆ ಗೆರೆ ದಾಟದಂತೆ ಬಣ್ಣ ತುಂಬು ಎಂದು ಕಲಿಸುವುದು ಇನ್ನೊಂದು. ಇವೆರಡೂ ಹೋಗಬೇಕು. ಮಲೆನಾಡಿನ ಹಣ್ಣನ್ನು, ಒದ್ದೆ ಹಾಳೆಯ ಮೇಲೆ ಒದ್ದೆ ಬಣ್ಣ ಬಿಟ್ಟು, ಅದರ ಪೂರ್ಣ ಕಾಂತಿಯಲ್ಲಿ ಬರೆಯುವುದನ್ನು ನಮ್ಮ ಮಕ್ಕಳಿಗೆ ಕಲಿಸಬೇಕು. ಇದು ನನ್ನ ವಾದ.

ನಾನು ಚಿತ್ರಗಾರನಲ್ಲ, ಕನ್ನಡ ಪಾಠ ಹೇಳುವವನು. ಆದ್ದರಿಂದ ಭಾಷೆಯಿಂದಲೇ ಮೊದಲುಮಾಡುತ್ತೇನೆ. ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು: ಒಂದೇ ವಸ್ತುವಿಗೆ ಕನ್ನಡ ಕೊಟ್ಟಿರುವ ಹೆಸರುಗಳಿವು. ಹಣ್ಣಿನಾಚೆಗೆ ‘ಕಳಿತದ್ದು’ ಎಂಬುದೊಂದು ಬೇರೆ. ಇಷ್ಟು ಹೆಸರುಗಳನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟವರಲ್ಲ. ಹಣ್ಣೆಂಬುದು ಒಂದು ಸ್ಥಿತಿ. ಅದು ಬರುತ್ತದೆ, ಹೋಗುತ್ತದೆ. ಹಸುರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ ಎಂಬುದನ್ನು ಅವರು ಕಣ್ಣಿಟ್ಟು ನೋಡಿದ್ದರು. ಬಣ್ಣಗಳಿಗೆ ಹೆಸರಿಡುವಾಗಲೂ ಅವರು ಹಣ್ಣಿನ ಕಡೆಗೇ ನೋಡಿದರು. ನೇರಳೆ ಎಂಬ ಬಣ್ಣ, ಕಿತ್ತಳೆ ಎಂಬ ಬಣ್ಣ ಬಂದದ್ದು ಎಲ್ಲಿಂದ? ಇಂದು ಬಣ್ಣದ ಪೆಟ್ಟಿಗೆಯಲ್ಲಿ ನೇರಳೆಯನ್ನು ಗುರುತಿಸುವ ಮಗು, ಜೂನ್ ತಿಂಗಳಲ್ಲಿ ಮರದಡಿಯ ದಾರಿಯನ್ನೆಲ್ಲ ಮಸಿ ಚೆಲ್ಲಿದಂತೆ ಮಾಡುವ ನೇರಳೆ ಹಣ್ಣನ್ನು ಬರೆಯಹೇಳಿದರೆ ತಬ್ಬಿಬ್ಬಾಗುತ್ತದೆ. ಭಾಷೆ ಕಲಿತದ್ದನ್ನು ಕಣ್ಣು ಮರೆಯಿತು.

ಹೊರಗೆರೆಯ ಚಿತ್ರ ಈ ಐದು ಹೆಸರುಗಳಲ್ಲಿ ಒಂದನ್ನು ಮಾತ್ರ ಬಲ್ಲದು. ಗೆರೆ ಎಳೆದ ಕ್ಷಣಕ್ಕೆ ಹಣ್ಣು ನಿಂತುಹೋಗುತ್ತದೆ. ಮುಂದೆ ಉಳಿಯುವುದು ಸುಣ್ಣ ಹೊಡೆಯುವ ಕೆಲಸ. ಒದ್ದೆಯ ಮೇಲೆ ಒದ್ದೆ ಎಂಬ ಜಲವರ್ಣದ ಕ್ರಮ ಇದಕ್ಕೆ ತೀರ ಬೇರೆ. ಹತ್ತಿಯ ನಾರಿನ ದಪ್ಪ ಹಾಳೆಯನ್ನು ಮೊದಲು ನೀರಿನಿಂದ ಸಮನಾಗಿ ತೋಯಿಸಬೇಕು. ಮೇಲ್ಮೈ ನೀರಿನ ಹೊಳಪಿನಿಂದ ಮಿನುಗುತ್ತಿರುವಾಗ ತೆಳುವಾದ ಬಣ್ಣವನ್ನು ಮುಟ್ಟಿಸಿದರೆ ಅದು ತಾನಾಗಿ ಹರಡಿ ಅಂಚಿಲ್ಲದೆ ಕರಗುತ್ತದೆ. ಹೊಳಪು ಇಳಿದು ಹಾಳೆ ತಣ್ಣಗೆ ಪಸೆಯಾಗಿರುವಾಗ ಇನ್ನಷ್ಟು ಗಟ್ಟಿಯಾದ ಬಣ್ಣವಿಟ್ಟರೆ ಅದು ಸ್ವಲ್ಪ ಮಾತ್ರ ಸರಿದು, ಮೃದುವಾದ ಅಂಚು ಬಿಟ್ಟು ನಿಲ್ಲುತ್ತದೆ. ಆ ಹೊತ್ತಿನಲ್ಲಿ ನೀರು ಹೆಚ್ಚಾದ ಕುಂಚವನ್ನು ತಾಗಿಸಿದಿರೋ, ನೀರು ಬಣ್ಣವನ್ನು ಹಿಂದಕ್ಕೆ ತಳ್ಳಿ ಹೂಕೋಸಿನಂತಹ ಕಲೆ ಎಬ್ಬಿಸುತ್ತದೆ. ಬಿಳಿಯನ್ನು ಬಳಿಯುವಂತಿಲ್ಲ; ಹಣ್ಣಿನ ಮೇಲಿನ ಬೆಳಕು ಎಂದರೆ ಬಣ್ಣ ತಾಕದೆ ಬಿಟ್ಟ ಹಾಳೆಯೇ. ಒಣಗಿದ ಮೇಲೆ ಬಣ್ಣ ಮಂಕಾಗುವುದರಿಂದ ಹಸಿಯಲ್ಲಿ ಕೊಂಚ ಢಾಳಾಗಿಯೇ ಇಡಬೇಕು. ಗಡಿಯಾರ ನೋಡಿ ಮಾಡುವ ಕೆಲಸ ಇದಲ್ಲ. ಹಾಳೆಯ ಹೊಳಪು ನೋಡಿ ಮಾಡುವುದು.

ಈಗ ಒಂದು ಮುರುಗಲ ಹಣ್ಣನ್ನು ಎದುರಿಗಿಟ್ಟುಕೊಳ್ಳಿ. ಬೇಸಗೆಯಲ್ಲಿ ಮಲೆನಾಡಿನ ಮನೆಗಳಲ್ಲಿ ಪಾನಕವಾಗುವ ಹಣ್ಣು. ನಗರದ ವಾಚಕರು ಇದನ್ನು ಕೋಕಂ ಎಂಬ ಹೆಸರಿನಿಂದ ಬಲ್ಲರು. ಹಸುರು ಕಾಯಿ ನಸುಗೆಂಪಾಗಿ, ಕೆಂಪಾಗಿ, ಕೊನೆಗೆ ಕಡುಗೆಂಪಿನಿಂದ ಕಪ್ಪಿನ ಕಡೆಗೆ ಸರಿಯುತ್ತದೆ. ಎಲ್ಲಿ ಹಸುರು ಮುಗಿಯಿತು, ಎಲ್ಲಿ ಕೆಂಪು ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಯಾರಿಂದಲೂ ಆಗದು. ಒದ್ದೆ ಹಾಳೆಯ ಮೇಲೆ ಮೊದಲು ತಿಳಿಹಳದಿ, ಅದು ಆರುವ ಮುನ್ನ ಒಂದು ಮಗ್ಗುಲಿಗೆ ಗುಲಾಬಿಗೆಂಪು, ತೊಟ್ಟಿನ ಬುಡಕ್ಕೆ ಒಂದು ಹನಿ ನೀಲಿ ಇಟ್ಟು ಕೈ ತೆಗೆದರೆ, ಹಣ್ಣು ಮರದ ಮೇಲೆ ಮಾಗುವ ಹಾಗೆಯೇ ಹಾಳೆಯ ಮೇಲೂ ಮಾಗುತ್ತದೆ. ಬರೆದವನು ಎದುರಿನ ಹಣ್ಣನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿರಲೇಬೇಕು, ಏಕೆಂದರೆ ತಿದ್ದಲು ಎರಡನೆಯ ಅವಕಾಶವಿಲ್ಲ. ಗೆರೆಯೊಳಗೆ ಬಣ್ಣ ತುಂಬುವವನಿಗೆ ಹಣ್ಣನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ಇದೆಲ್ಲ ಅಂಗೈ ಹುಣ್ಣಿನಷ್ಟು ಸ್ಪಷ್ಟವಾದ ಮಾತು. ಇದಕ್ಕೆ ವಾದವೇಕೆ ಎಂದು ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ನಡೆಸಿದ ಮಕ್ಕಳ ಚಿತ್ರಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಹೊಸನಗರದ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಮೂರು ಮುರುಗಲ ಹಣ್ಣು ಬರೆದಿದ್ದಳು. ಹಾಳೆ ಅಗ್ಗದ್ದು, ನೀರು ಕುಡಿದು ಸುಕ್ಕುಗಟ್ಟಿತ್ತು. ಒಂದು ಕಡೆ ಬಣ್ಣ ಹೂಕೋಸಿನಂತೆ ಒಡೆದಿತ್ತು. ಆದರೆ ಹಣ್ಣುಗಳು ಈಗತಾನೆ ತೊಳೆದು ಇಟ್ಟಂತಿದ್ದವು. ಒಬ್ಬ ತೀರ್ಪುಗಾರರು, ‘ನೀರು ಚೆಲ್ಲಿ ಕೆಡಿಸಿಕೊಂಡಿದ್ದಾಳೆ, ಪಾಪ’ ಎಂದರು. ಇನ್ನೊಬ್ಬರು, ‘ಬಣ್ಣ ಬಹಳ ಕೂಗುತ್ತದೆ, ಸಂಸ್ಕಾರ ಸಾಲದು’ ಎಂದರು. ಬಹುಮಾನ ಒಂದು ಸೇಬಿನ ತಟ್ಟೆಗೆ ಹೋಯಿತು. ಅದರ ಗೆರೆಗಳು ಅಚ್ಚುಕಟ್ಟಾಗಿದ್ದವು. ಅದು ಯಾವುದೋ ಅಚ್ಚಿನ ಚಿತ್ರದ ನಕಲು ಎಂಬುದು ಬರಿಗಣ್ಣಿಗೆ ಕಾಣುತ್ತಿತ್ತು. ಎರಡಕ್ಕೆ ಒಂದು ಮತ, ನಾನು ಸೋತೆ. ಆ ಇಬ್ಬರೂ ಕೆಟ್ಟವರಲ್ಲ, ಓದಿದವರು. ಅವರ ಮಾತುಗಳು ನಮ್ಮ ವಿದ್ಯಾವಂತರಲ್ಲಿ ಬಹುಮಂದಿಯ ಮಾತುಗಳೇ ಆಗಿರುವುದರಿಂದ ಉತ್ತರ ಕೊಡಬೇಕಾಗಿದೆ.

ಮೊದಲನೆಯದು, ಢಾಳಾದ ಬಣ್ಣ ಕೀಳಭಿರುಚಿ ಎಂಬ ಆಕ್ಷೇಪ. ಇದು ನಗರ ಮಲೆನಾಡಿಗೆ ಹೊಲಿಸಿಕೊಟ್ಟ ಅಂಗಿಯಿಂದ ಹುಟ್ಟಿದ್ದು. ಮಲೆನಾಡು ಎಂದರೆ ಮಂಜು, ಮಳೆ, ಮಾಸಲು ಹಸುರು. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳ ಬೆಟ್ಟ ಮತ್ತು ಮಂಜನ್ನು ಜಲವರ್ಣದಲ್ಲಿ ಹಿಡಿದರು. ಅದು ಮಹತ್ತಾದ ಕೆಲಸ, ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೇ ಇದೆ. ಆದರೆ ಮಂಜು ಒಂದು ಹೊತ್ತಿನ ಸತ್ಯ. ಮೇ ತಿಂಗಳ ಮಧ್ಯಾಹ್ನ ತೀರ್ಥಹಳ್ಳಿಯ ಯಾವುದಾದರೂ ಮನೆಯ ಜಗುಲಿಗೆ ಬನ್ನಿ. ಬಿಡಿಸಿಟ್ಟ ಹಲಸಿನ ತೊಳೆ ಹಳದಿ. ಪಕ್ಕದ ಮರದ್ದಾದರೆ ಕೆಂಪು ತೊಳೆ. ಬಿಸಿಲಿಗೆ ಹರಡಿದ ಮುರುಗಲ ಸಿಪ್ಪೆ ಕಡುಗೆಂಪು. ಹೋಳು ಮಾಡಿದ ಪಪ್ಪಾಯಿ ಕೆಂಡದ ಬಣ್ಣ. ಚಳಿಗಾಲದಲ್ಲಿ ಬಂದರೆ ತೋಟದಲ್ಲಿ ಹಣ್ಣಡಕೆಯ ಗೊನೆ ಬೆಂಕಿ ಹೊತ್ತಿದಂತೆ. ಇವನ್ನು ಮಂದ ಬಣ್ಣದಲ್ಲಿ ಬರೆಯುವುದು ಸಂಸ್ಕಾರವಲ್ಲ, ಸುಳ್ಳು. ಬಣ್ಣ ಕೂಗುತ್ತದೆ ಎನ್ನುವವರು ಚಿತ್ರವನ್ನು ಬಿಟ್ಟು ಮರವನ್ನೇ ಗದರಿಸಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಣ್ಣನ್ನು ಬರೆಯುವುದಾದರೆ ಸಸ್ಯಶಾಸ್ತ್ರಕ್ಕೆ ಒದಗುವಂತೆ, ಗೆರೆ ತಪ್ಪದೆ ಬರೆಯಬೇಕು. ನೀರಿನಲ್ಲಿ ಬಣ್ಣ ಹರಿಯಬಿಡುವುದು ಬರಿಯ ಭಾವುಕತೆ ಎನ್ನುತ್ತಾರೆ. ಗೆರೆಯ ಚಿತ್ರಕ್ಕೆ ನಾನು ಕೈಮುಗಿಯುತ್ತೇನೆ. ೧೮೪೦ರ ದಶಕದಲ್ಲಿ ಹ್ಯೂ ಕ್ಲೆಘಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ. ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳು ಆಗ ನಗರ ವಿಭಾಗಕ್ಕೆ ಸೇರಿದ್ದವು. ದಿನಕ್ಕೊಂದು ಸಸ್ಯವನ್ನು ಗಮನಿಸುವ ಅಭ್ಯಾಸ ಇಟ್ಟುಕೊಂಡಿದ್ದ ಆತ, ೧೮೪೫ರಿಂದ ಒಬ್ಬ ಮರಾಠಿ ಚಿತ್ರಗಾರನಿಂದ ಇಲ್ಲಿಯ ಗಿಡಮರಗಳ ನೂರಾರು ಜಲವರ್ಣ ಚಿತ್ರಗಳನ್ನು ಬರೆಯಿಸಿದ. ಅವು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ; ೨೦೧೬ರಲ್ಲಿ ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು ಆ ಸಂಗ್ರಹದ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಬರೆಯಿಸಿದವನ ಹೆಸರು, ಊರು, ಮನೆತನ ಎಲ್ಲವೂ ಉಳಿಯಿತು. ಬರೆದವನ ಹೆಸರು ಉಳಿಯಲಿಲ್ಲ. ನಮ್ಮ ಕಾಡಿನ ಮುಖ ನೋಡಬೇಕಾದರೆ ನಾವು ಸ್ಕಾಟ್ಲೆಂಡಿಗೆ ಹೋಗಬೇಕು.

ಆ ಚಿತ್ರಗಳು ಬಹು ಬೆಲೆಯುಳ್ಳವು. ಆದರೆ ಅವು ಮಾಡುವ ಕೆಲಸ ಬೇರೆ: ಒಂದು ಜಾತಿಯ ಗಿಡವನ್ನು ಇನ್ನೊಂದು ಜಾತಿಯಿಂದ ಬೇರ್ಪಡಿಸುವುದು. ನಮ್ಮ ಹಿತ್ತಲಿನ ಸಂಪತ್ತು ಜಾತಿಯೊಳಗಿನ ಭೇದದಲ್ಲಿದೆ. ಅಪ್ಪೆಮಿಡಿಯನ್ನೇ ತೆಗೆದುಕೊಳ್ಳಿ. ಅನಂತಭಟ್ಟನ ಅಪ್ಪೆ, ಮಾಲಂಜಿ, ಕರ್ಣಕುಂಡಲ, ಹಳದೋಟ, ದೊಂಬೆಸರ ಜೀರಿಗೆ: ಸಸ್ಯಶಾಸ್ತ್ರಕ್ಕೆ ಇವೆಲ್ಲ ಒಂದೇ ಮಾವು. ಉಪ್ಪಿನಕಾಯಿ ಹಾಕುವ ತಾಯಂದಿರಿಗೆ ಇವು ಬೇರೆಬೇರೆ. ಸೊನೆಯ ಪರಿಮಳ ಬೇರೆ, ಆಕಾರ ಬೇರೆ, ಹಸುರೂ ಬೇರೆ. ಒಂದರ ಹಸುರಿನಲ್ಲಿ ಹಳದಿ ಇಣುಕಿದರೆ ಇನ್ನೊಂದರ ಮೇಲೆ ಬೂದಿ ಎರಚಿದಂತೆ ತೆಳುಬಿಳುಪು. ರಿಪ್ಪನ್‌ಪೇಟೆಯ ಮಿಡಿ ಸಂತೆಯಲ್ಲಿ ಒಂದು ಹಿಡಿ ಎತ್ತಿ ಮೂಸಿ, ತಿರುವಿ ನೋಡುವವರ ಕಣ್ಣಿಗೆ ಇದು ಗೊತ್ತು. ೨೦೦೯ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು, ಸಂತೋಷ. ಆದರೆ ಹೊಳೆಯಂಚಿನ ಒಂದೊಂದು ಮರದ ಗುಣವೂ ಬೇರೆಯಾಗಿರುವಾಗ, ಒಂದು ಮರ ಉರುಳಿದರೆ ಒಂದು ಹಸುರೇ ಹೋಯಿತು. ಪರಿಮಳವನ್ನು ಹಾಳೆಯ ಮೇಲೆ ಇಡಲಾಗದು. ಹಸುರನ್ನು ಇಡಬಹುದು, ನೀರಿನೊಡನೆ ಇಡಬಹುದು. ಅದಕ್ಕೆ ಪಂಡಿತರೇ ಬೇಕಾಗಿಲ್ಲ. ಕಣ್ಣು ತೆರೆದ ಹತ್ತು ವರ್ಷದ ಮಗು ಸಾಕು.

ಮೂರನೆಯದು ಸ್ವದೇಶಾಭಿಮಾನಿಗಳ ಆಕ್ಷೇಪ. ಮಲೆನಾಡಿಗೆ ತನ್ನದೇ ಚಿತ್ರಪರಂಪರೆಯಿದೆ, ದೀವರ ಹೆಂಗಸರ ಹಸೆ ಚಿತ್ತಾರವಿದೆ. ಈ ಜಲವರ್ಣ ದೊರೆಗಳ ಹವ್ಯಾಸ, ನಮಗೇಕೆ? ಚಿತ್ತಾರವನ್ನು ಮೆಚ್ಚುವುದರಲ್ಲಿ ನಾನು ಯಾರಿಗೂ ಹಿಂದಲ್ಲ. ಆದರೆ ಆ ತಾಯಂದಿರು ಬಣ್ಣ ಎಲ್ಲಿಂದ ತಂದರು? ಕೆಮ್ಮಣ್ಣು ಅಂಗಳದ್ದು, ಬಿಳಿ ಅಕ್ಕಿಯದು, ಕಪ್ಪು ಹುರಿದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ಕುಂಚ ಪುಂಡಿ ನಾರಿನದು. ಕೈಗೆ ಸಿಕ್ಕಿದ್ದನ್ನು ನೋಡಿ ಬಳಸುವುದೇ ಅವರ ಪರಂಪರೆಯ ತಿರುಳು. ಇನ್ನು ದೊರೆಗಳ ಬಣ್ಣದ ಮಾತು. ಇಂಗ್ಲೆಂಡಿನ ಜಲವರ್ಣದ ಪೆಟ್ಟಿಗೆಯಲ್ಲಿ ಬಹುಕಾಲ ಮೆರೆದ ಗ್ಯಾಂಬೋಜ್ ಎಂಬ ಪಾರದರ್ಶಕ ಹಳದಿ ಒಂದು ಮರದ ಅಂಟು. ಕಾಂಬೋಡಿಯ ದೇಶದಿಂದ ಬರುತ್ತಿದ್ದುದರಿಂದ ಆ ಹೆಸರು. ಆ ಮರ ಗಾರ್ಸೀನಿಯ ಕುಲದ್ದು. ನಮ್ಮ ಮುರುಗಲು, ಉಪ್ಪಾಗೆ, ಅರಿಶಿನಗುರಿಗೆ ಎಲ್ಲವೂ ಅದೇ ಕುಲದ ದಾಯಾದಿಗಳು. ಹೀಗಿರುವಾಗ ಜಲವರ್ಣ ನಮಗೆ ಪರಕೀಯವೆಂದು ಯಾರ ಮುಂದೆ ಹೇಳೋಣ?

ಕೊನೆಯ ಆಕ್ಷೇಪ ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವಂಥದ್ದು. ಅಡಕೆಗೆ ಎಲೆಚುಕ್ಕೆ ರೋಗ ಬಡಿದಿದೆ, ಹುಡುಗರು ಊರು ಬಿಟ್ಟು ಬೆಂಗಳೂರಿಗೆ ಹೋಗುತ್ತಿದ್ದಾರೆ, ಶರಾವತಿಯಲ್ಲಿ ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಈ ಹೊತ್ತಿನಲ್ಲಿ ಹಣ್ಣಿನ ಚಿತ್ರವೇ? ಹೊಟ್ಟೆ ತುಂಬಿದವರ ಚಟವಲ್ಲವೇ ಇದು? ಈ ಪ್ರಶ್ನೆಗೆ ನಗುತ್ತ ಉತ್ತರ ಕೊಡಲಾಗದು. ಚಿತ್ರ ಬರೆದರೆ ರೋಗ ಹೋಗುವುದಿಲ್ಲ, ಹಕ್ಕುಪತ್ರ ಬರುವುದಿಲ್ಲ. ಒಪ್ಪಿದೆ. ಆದರೆ ಶರಾವತಿಯ ಮಾತೆತ್ತಿದವರು ಇನ್ನೊಂದನ್ನೂ ಕೇಳಬೇಕು. ೧೯೪೮ರಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ ಕೆಲಸ ಆರಂಭಿಸಿತು, ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ಗದ್ದೆಗೆ ಲೆಕ್ಕವಿತ್ತು, ಮನೆಗೆ ಲೆಕ್ಕವಿತ್ತು. ಹಿತ್ತಲಿನ ಬಕ್ಕೆ ಹಲಸಿಗೆ, ಅಜ್ಜ ಹೆಸರಿಟ್ಟ ಜೀರಿಗೆ ಮಿಡಿಗೆ ಏನು ಲೆಕ್ಕ? ಮುಳುಗಡೆಯ ಹಿರಿಯರೊಡನೆ ಮಾತಾಡಿದಾಗ ಅವರು ಹೊಲದ ವಿಸ್ತೀರ್ಣಕ್ಕಿಂತ ಮೊದಲು ಹೇಳುವುದು ಮರದ ಸುದ್ದಿ. ‘ಅಂಥ ಹಣ್ಣು ಮತ್ತೆ ಕಾಣಲಿಲ್ಲ’ ಎನ್ನುತ್ತಾರೆ. ಎಂಥ ಹಣ್ಣು, ಯಾವ ಬಣ್ಣ ಎಂದು ಕೇಳಿದರೆ ಕೈಯನ್ನು ಗಾಳಿಯಲ್ಲಿ ತಿರುವಿ ಸುಮ್ಮನಾಗುತ್ತಾರೆ. ಅವರ ಮಾತನ್ನು ನಾನು ಬರೆದುಕೊಳ್ಳಬಲ್ಲೆ. ಅವರ ಮೊಮ್ಮಗಳಿಗೆ ತೋರಿಸಲು ಒಂದು ಹಾಳೆ ನನ್ನಲ್ಲಿಲ್ಲ. ಕಳೆದುಕೊಂಡದ್ದು ಏನೆಂದು ತೋರಿಸಲಾಗದವನು ಕಳೆದುಕೊಂಡೆ ಎಂದು ವಾದಿಸುವುದೂ ಕಷ್ಟ. ಬಡವನಿಗೆ ಚಿತ್ರ ಬೇಡ ಎನ್ನುವವರು ಇದನ್ನು ಯೋಚಿಸಲಿ.

ಹೆಗ್ಗೋಡಿನಂತಹ ಒಂದು ಹಳ್ಳಿ, ೧೯೪೯ರಲ್ಲಿ ಕಟ್ಟಿದ ನೀನಾಸಂ ಮೂಲಕ, ಅಡಕೆ ತೋಟದ ನಡುವೆ ಲೋಕದ ನಾಟಕವನ್ನೂ ಸಿನಿಮಾವನ್ನೂ ನೋಡಲು ಕಲಿಯಿತು. ಹಳ್ಳಿಗರಿಗೆ ಇದೆಲ್ಲ ಏಕೆ ಎಂದು ಕೇಳಿದವರು ಆಗಲೂ ಇದ್ದಿರಬೇಕು. ಕೆ.ವಿ. ಸುಬ್ಬಣ್ಣನವರು ಕಾದು ಕೂರಲಿಲ್ಲ. ಲೋಕದ ಚಿತ್ರಗಳನ್ನು ನೋಡಬಲ್ಲ ನಾಡಿಗೆ ತನ್ನ ಅಂಗಳದ ಹಲಸನ್ನು ನೋಡುವುದು ಅಸಾಧ್ಯವೇ?

ಆಗಬೇಕಾದದ್ದು ದೊಡ್ಡದೇನಲ್ಲ. ಒಳ್ಳೆಯ ಹಾಳೆ ದುಬಾರಿ ಎಂಬುದು ನಿಜ. ಆದರೆ ೨೨ಕ್ಕೆ ೩೦ ಅಂಗುಲದ ಒಂದು ಹತ್ತಿ ಹಾಳೆಯನ್ನು ಕತ್ತರಿಸಿದರೆ ಕೈಯಗಲದ ೧೬ ತುಂಡುಗಳಾಗುತ್ತವೆ. ಒಂದು ಹಣ್ಣಿಗೆ ಅಷ್ಟು ಸಾಕು. ಹಳದಿ, ಗುಲಾಬಿಗೆಂಪು, ನೀಲಿ, ಈ ಮೂರೇ ಬಣ್ಣ ಸಾಕು. ಮಳೆಗಾಲದಲ್ಲಿ ಹಾಳೆ ಒಣಗುವುದಿಲ್ಲವೆಂದು ದೂರಬೇಡಿ: ಬಯಲುಸೀಮೆಯವರು ಪದೇ ಪದೇ ನೀರು ಚಿಮುಕಿಸಿ ಉಳಿಸಿಕೊಳ್ಳುವ ಪಸೆ ನಮಗೆ ಗಾಳಿಯಲ್ಲೇ ಪುಕ್ಕಟೆಯಾಗಿದೆ. ಬೂಸಲು ಬಾರದಂತೆ ಒಲೆಯ ಮೇಲಿನ ಅಟ್ಟದಲ್ಲಿ ಆರಿಸಿಕೊಂಡರಾಯಿತು. ಮಳೆಯಲ್ಲಿ ಮಾಗುವ ಉಪ್ಪಾಗೆಯ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಬಲ್ಲ ಜನಕ್ಕೆ ಒಂದು ಹಾಳೆ ಒಣಗಿಸುವುದು ಹೆಚ್ಚೇ? ಮುರುಗಲೂ ಹಲಸೂ ಹಣ್ಣಾಗುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಆದ್ದರಿಂದ ರಜೆಯ ಮನೆಗೆಲಸವಾಗಿ ಕೊಡಿ: ಕಾಪಿ ಪುಸ್ತಕದ ಹತ್ತು ಪುಟಗಳ ಬದಲು ಹತ್ತು ಹಣ್ಣು. ಚಿತ್ರದ ಮೇಷ್ಟರಿಲ್ಲದ ಶಾಲೆಯಲ್ಲಿ ಕನ್ನಡದ ಮೇಷ್ಟರು ಈ ಕೆಲಸ ವಹಿಸಿಕೊಳ್ಳಲಿ. ಹೀಚು, ಮಿಡಿ, ದೋರೆಗಾಯಿಗಳ ಪಾಠ ಅದರಲ್ಲೇ ಆಗಿಹೋಗುತ್ತದೆ.

ಸ್ಪರ್ಧೆ ನಡೆಸುವ ಸಂಘಸಂಸ್ಥೆಗಳ ಮಹನೀಯರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಸಲ ‘ಹಣ್ಣಿನ ತಟ್ಟೆ’ ಎಂಬ ವಿಷಯ ಕೊಡಬೇಡಿ. ‘ನಿಮ್ಮ ಮನೆಯ ಹತ್ತಿರದ ಒಂದು ಮರದ ಹಣ್ಣು’ ಎಂದು ಕೊಡಿ. ಎದುರಿಗೆ ಹಣ್ಣನ್ನು ಇಟ್ಟುಕೊಂಡೇ ಬರೆಯಬೇಕೆಂದು ನಿಯಮ ಮಾಡಿ. ಹಾಳೆಯ ಕೆಳಗೆ ಮನೆಯಲ್ಲಿ ಆ ಹಣ್ಣನ್ನು ಕರೆಯುವ ಹೆಸರು, ಮರ ನಿಂತಿರುವ ಊರು, ಬರೆದ ದಿನ, ಬರೆದವರ ಹೆಸರು, ಈ ನಾಲ್ಕನ್ನು ಬರೆಸಿ. ಗೆರೆ ದಾಟಿದ್ದಕ್ಕೆ ಅಂಕ ಕಳೆಯಬೇಡಿ. ಬಂದ ಚಿತ್ರಗಳನ್ನು ಹರಾಜಿಗೋ ರದ್ದಿಗೋ ಹಾಕದೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಕಟ್ಟು ಕಟ್ಟಿಸಿ ಇಡಿ. ೧೮೪೫ರಲ್ಲಿ ಶಿವಮೊಗ್ಗದಲ್ಲಿ ಕುಳಿತು ಬರೆದವನ ಹೆಸರನ್ನು ನಾವು ಕಳೆದುಕೊಂಡೆವು. ಹೊಸನಗರದ ಹುಡುಗಿಯ ಹೆಸರನ್ನಾದರೂ, ಅವಳ ಮುರುಗಲ ಮರ ನಿಂತ ಊರಿನ ಹೆಸರನ್ನಾದರೂ ಉಳಿಸಿಕೊಳ್ಳೋಣ.